ಮರೆವೂ ಮರೆಸುವಿಕೆಯೂ: ಒಂದು ಕೊರಿಯನ್ ಕಥಾನಕದ ನೆಪದಲ್ಲಿ

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಬಾಯಿಪಾಠ ಮಾಡಿ ಬೆಳೆದವರಿಗೆ ಧಾರಾವಾಹಿಗಳೆಂದರೆ ಒಂದು ಬಗೆಯ ತಾತ್ಸಾರ. ನಾವೂ ಅದಕ್ಕೆ ಹೊರತಾಗಿರಲಿಲ್ಲ. ಸಂಜೆಯ ಇಷ್ಟಲಿಂಗ ಪೂಜೆಯ ಹೊತ್ತಿಗೆ ಅತ್ತೆ-ಸೊಸೆಯರ ಕಲಹದ ಸದ್ದು ಪಕ್ಕದ ಮನೆಯ ಗೋಡೆ ದಾಟಿ ಬಂದಾಗಲೆಲ್ಲ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದೆವು. ಅಂಥ ನಾವು ಕಳೆದ ಮಳೆಗಾಲದಲ್ಲಿ ಮೂರು ವಾರಗಳಿಗೂ ಮಿಕ್ಕಿ ಪ್ರತಿ ಸಂಜೆ ಕೊರಿಯಾ ದೇಶದ ಒಂದು ಪ್ರೇಮಕಥೆಯ ಮುಂದೆ ಕುಳಿತೆವು. ಕುಳಿತದ್ದಷ್ಟೇ ಅಲ್ಲ, ಅದರ ಒಂದೊಂದು ಮಾತನ್ನೂ ಕನ್ನಡಿಸಿ ಹೇಳಿದೆವು. ಓದುಗರು ನಕ್ಕರೆ ನಮ್ಮ ಆಕ್ಷೇಪವಿಲ್ಲ.

ಕಾರಣವನ್ನು ಮೊದಲು ಹೇಳಬೇಕು. ನಮ್ಮ ಅಕ್ಕನವರು ನಮಗಿಂತ ಆರು ವರ್ಷ ಹಿರಿಯರು. ಮಳೆಯ ನೀರು ನಿಂತ ಹಿತ್ತಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ಹಾಸಿಗೆ ಬಿಡಕೂಡದೆಂದು ವೈದ್ಯರು ಹೇಳಿದರು. ಬದುಕಿನಲ್ಲಿ ಒಂದು ದಿನವೂ ಸುಮ್ಮನೆ ಕುಳಿತವರಲ್ಲ ಅವರು. ಹೊಲಿಗೆ ಯಂತ್ರದ ಮುಂದೆಯೋ ಕೌದಿಯ ಮುಂದೆಯೋ ಕೈಯಲ್ಲಿ ಸೂಜಿಯಿಲ್ಲದೆ ಅವರನ್ನು ಕಂಡ ನೆನಪು ನಮಗಿಲ್ಲ. ಮಲಗಿದಲ್ಲೇ ಹೊತ್ತು ಹೋಗದೆ ಅವರು ಬೇಸರದಿಂದ ಕಣ್ಣೀರು ಹಾಕಿದಾಗ ನಮ್ಮ ಮೊಮ್ಮಗಳು ಕೋಣೆಗೊಂದು ದೂರದರ್ಶನವನ್ನು ತಂದಿರಿಸಿ, ಅಂತರ್ಜಾಲ ಜೋಡಿಸಿ, ‘ಅಜ್ಜಿ, ಇದನ್ನು ನೋಡು, ನಿನಗೆ ಹಿಡಿಸುತ್ತದೆ’ ಎಂದು ಒಂದು ಕಥೆ ಹಚ್ಚಿಕೊಟ್ಟು ತನ್ನ ಕಾಲೇಜಿಗೆ ಹೊರಟುಹೋದಳು. ಮಾತೆಲ್ಲ ಕೊರಿಯನ್ ಭಾಷೆಯಲ್ಲಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನಲ್ಲಿ. ಅಕ್ಕನಿಗೆ ಎರಡೂ ಬಾರವು. ನಮ್ಮ ಇಂಗ್ಲಿಷ್ ಕುಂಟುವುದಾದರೂ ನಡೆಯುತ್ತದೆ. ಹೀಗೆ ನಾವು ವ್ಯಾಖ್ಯಾನಕಾರರಾದೆವು.

ಆ ಕಥೆಯ ಹೆಸರು ‘ವಿಂಟರ್ ಸೊನಾಟಾ’. ಕೊರಿಯನ್ ಹೆಸರಿಗೆ ಚಳಿಗಾಲದ ಪ್ರೇಮಗೀತೆ ಎಂಬ ಅರ್ಥ ಹೇಳಬಹುದು. ೨೦೦೨ರ ಜನವರಿಯಿಂದ ಮಾರ್ಚ್‌ವರೆಗೆ ದಕ್ಷಿಣ ಕೊರಿಯಾದ ಕೆಬಿಎಸ್ ವಾಹಿನಿ ಇದನ್ನು ಇಪ್ಪತ್ತು ಕಂತುಗಳಲ್ಲಿ ಬಿತ್ತರಿಸಿತು. ನಿರ್ದೇಶಕ ಯೂನ್ ಸೊಕ್‌ಹೋ ಎಂಬವರು. ನಾಲ್ಕು ಋತುಗಳಿಗೆ ನಾಲ್ಕು ಕಥೆಗಳೆಂದು ಅವರು ಮಾಡಿದ ಮಾಲೆಯಲ್ಲಿ ಇದು ಎರಡನೆಯದು. ಮೊದಲನೆಯದಾದ ಶರತ್ಕಾಲದ ಕಥೆ ೨೦೦೦ದಲ್ಲಿ ಬಂದಿತ್ತು. ನಮ್ಮ ಕವಿಗಳ ಋತುವರ್ಣನೆಯ ಪರಿಚಯವುಳ್ಳವರಿಗೆ ಈ ಯೋಜನೆಯೇ ಮೊದಲು ಮನಸ್ಸನ್ನು ಸೆಳೆಯುತ್ತದೆ.

ಕಥೆ ಹೀಗಿದೆ. ಚುಂಚೊನ್ ಎಂಬ ಊರಿನ ಶಾಲೆಗೆ ಸಿಯೋಲ್ ನಗರದಿಂದ ಜೂನ್‌ಸಾಂಗ್ ಎಂಬ ಹುಡುಗ ಬರುತ್ತಾನೆ. ಮಾತು ಕಡಿಮೆ, ಮುಖದಲ್ಲಿ ನಗುವಿಲ್ಲ. ತಂದೆ ಯಾರೆಂದು ತಾಯಿ ಹೇಳಿಲ್ಲ. ಅದನ್ನು ಅರಸಿಯೇ ಅವನು ಆ ಊರಿಗೆ ಬಂದವನು. ಅಲ್ಲಿ ಯೂಜಿನ್ ಎಂಬ ಹುಡುಗಿಯ ಸ್ನೇಹವಾಗುತ್ತದೆ. ವರ್ಷದ ಕೊನೆಯ ರಾತ್ರಿ ಭೇಟಿಯಾಗುವೆನೆಂದು ಮಾತುಕೊಟ್ಟವನು ಬರುವುದಿಲ್ಲ. ವಾಹನ ಬಡಿದು ಸತ್ತನೆಂಬ ಸುದ್ದಿ ಬರುತ್ತದೆ. ಹತ್ತು ವರ್ಷಗಳ ಅನಂತರ, ಬಾಲ್ಯದ ಗೆಳೆಯ ಸಾಂಗ್‌ಹ್ಯೋಕನೊಡನೆ ನಿಶ್ಚಿತಾರ್ಥಕ್ಕೆ ಹೊರಟ ಯೂಜಿನ್ ಮೊದಲ ಹಿಮ ಬೀಳುವ ಬೀದಿಯಲ್ಲಿ ಅದೇ ಮುಖವನ್ನು ಕಾಣುತ್ತಾಳೆ. ಆ ಮುಖದವನ ಹೆಸರು ಮಿನ್‌ಹ್ಯೋಂಗ್. ಅಮೆರಿಕೆಯಲ್ಲಿದ್ದು ಬಂದ ವಾಸ್ತುಶಿಲ್ಪಿ, ಸದಾ ನಗುವವನು. ಅವನು ಬೇರೆಯವನಲ್ಲ, ಅವನೇ. ಅಪಘಾತದಲ್ಲಿ ನೆನಪು ಕಳೆದುಕೊಂಡ ಮಗನಿಗೆ ತಾಯಿ ಮನೋವೈದ್ಯರೊಬ್ಬರ ನೆರವಿನಿಂದ ಬೇರೊಂದು ಹೆಸರು, ಬೇರೊಂದು ಬಾಲ್ಯ, ಬೇರೊಬ್ಬ ತಂದೆಯನ್ನು ಕೊಟ್ಟುಬಿಟ್ಟಿದ್ದಾಳೆ.

ಇದರ ಆಕರ್ಷಣೆಯೇನೆಂಬುದನ್ನು ನಾವು ಮೊದಲು ಅಕ್ಕನ ಮುಖದಲ್ಲಿ ಓದಿದೆವು. ಆರಂಭದ ಕಂತುಗಳಲ್ಲಿ ಚಳಿಯಿಂದ ಕೈ ಕೆಂಪಾದ ಹುಡುಗನಿಗೆ ಹುಡುಗಿ ತನ್ನ ಗುಲಾಬಿ ಬಣ್ಣದ ಉಣ್ಣೆಯ ಕೈಚೀಲಗಳನ್ನು ಹಾಕಿಕೊಳ್ಳಲು ಕೊಡುತ್ತಾಳೆ. ಅದನ್ನು ಹಿಂದಿರುಗಿಸಲೆಂದೇ ಆ ಕೊನೆಯ ರಾತ್ರಿಯ ಭೇಟಿ. ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ದೊಡ್ಡ ಕಥೆಯನ್ನು ನಿಲ್ಲಿಸಿದ್ದನ್ನು ಕಂಡು ಅಕ್ಕ ‘ಭಾಳ ಚಲೋ ಹೆಣದಾರ’ ಎಂದರು. ಉಣ್ಣೆಯ ಹೆಣಿಗೆಯನ್ನು ಮೆಚ್ಚಿದರೋ ಕಥೆಯನ್ನೋ ನಮಗೆ ತಿಳಿಯಲಿಲ್ಲ. ನಾಯಕನು ಕೊರಳಿಗೆ ಸುತ್ತಿಕೊಳ್ಳುವ ಶಾಲಿನ ಗಂಟನ್ನು ಅವರು ಮಲಗಿದಲ್ಲೇ ಟವೆಲಿನಿಂದ ಕಟ್ಟಿ ನೋಡಿದರು.

ಈ ಕಥೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ. ಒಂದು ನೋಟಕ್ಕೆ, ಒಂದು ಬಾಗಿಲು ತೆರೆಯುವುದಕ್ಕೆ, ಹಿಮದ ಮೇಲೆ ಮೂಡುವ ಹೆಜ್ಜೆಗೆ ಇಲ್ಲಿ ಹೊತ್ತು ಸಿಗುತ್ತದೆ. ನಾಮಿ ಎಂಬ ಪುಟ್ಟ ದ್ವೀಪದಲ್ಲಿ ಎತ್ತರದ ಮರಗಳ ಸಾಲಿನ ನಡುವೆ ಇಬ್ಬರು ಮಕ್ಕಳು ನಡೆಯುವ ದೃಶ್ಯವಿದೆ. ೧೯೪೪ರಲ್ಲಿ ಅಣೆಕಟ್ಟು ಕಟ್ಟಿದಾಗ ನೀರು ಏರಿ ದ್ವೀಪವಾದ ನೆಲವಂತೆ ಅದು. ಈ ಕಥೆ ಬಂದ ಮೇಲೆ ಅದೊಂದು ಯಾತ್ರಾಸ್ಥಳವೇ ಆಗಿ, ನಾಯಕ-ನಾಯಿಕೆಯರ ಪ್ರತಿಮೆಯನ್ನು ಕೂಡ ಅಲ್ಲಿ ನಿಲ್ಲಿಸಿದ್ದಾರೆ. ಕಾಡಿನಲ್ಲಿ ದಾರಿ ತಪ್ಪಿದರೆ ಧ್ರುವ ನಕ್ಷತ್ರವನ್ನು ನೋಡು, ಉಳಿದವು ಸರಿದರೂ ಅದು ಸರಿಯದು ಎಂದು ಹುಡುಗ ಹುಡುಗಿಗೆ ಹೇಳುತ್ತಾನೆ. ಮುಂದೆ ಅವಳು ದುಡಿಯುವ ಸಂಸ್ಥೆಯ ಹೆಸರೂ ಆ ನಕ್ಷತ್ರದ್ದೇ. ಪ್ರೇಮವನ್ನು ದೇಹದಿಂದ ಎತ್ತಿ ನಿಷ್ಠೆಯ ಕಡೆಗೆ ಒಯ್ಯುವ ಈ ಪ್ರಯತ್ನ ನಮ್ಮ ಜನಕ್ಕೆ ಪರಕೀಯವೆನಿಸದು. ಹಿರಿಯರೆದುರು ಮಂಡಿಯೂರುವ, ಎರಡೂ ಕೈಗಳಿಂದ ಕೊಟ್ಟು ಎರಡೂ ಕೈಗಳಿಂದ ತೆಗೆದುಕೊಳ್ಳುವ ಆ ನಾಡಿನ ನಡವಳಿಕೆಯನ್ನು ಕಂಡು ಅಕ್ಕನಿಗೆ ಅವರು ಯಾರೋ ದೂರದವರೆನಿಸಲೇ ಇಲ್ಲ.

ಜಪಾನಿನಲ್ಲಿ ಇದಕ್ಕೆ ದೊರೆತ ಸ್ವಾಗತವನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಎನ್‌ಎಚ್‌ಕೆ ಸಂಸ್ಥೆ ೨೦೦೩ರಲ್ಲಿ ಉಪಗ್ರಹ ವಾಹಿನಿಯಲ್ಲಿಯೂ ೨೦೦೪ರಲ್ಲಿ ಸಾಮಾನ್ಯ ವಾಹಿನಿಯಲ್ಲಿಯೂ ಇದನ್ನು ಪ್ರಸಾರ ಮಾಡಿತು. ನಾಯಕ ಪಾತ್ರದ ಬೇ ಯೊಂಗ್‌ಜೂನ್ ಆ ವರ್ಷ ಜಪಾನಿಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ನೆರೆದರು. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಗೃಹಿಣಿಯರು. ಕೊರಿಯಾ ದೇಶ ೧೯೧೦ರಿಂದ ೧೯೪೫ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನರಳಿದ್ದು. ಆಳಿದವರ ಮನೆಯ ಹೆಂಗಸರು ಆಳಿಸಿಕೊಂಡವರ ನಾಡಿನ ನಟನೊಬ್ಬನನ್ನು, ಗೌರವಸ್ಥರಿಗೆ ಮಾತ್ರ ಸಲ್ಲುವ ಪ್ರತ್ಯಯವನ್ನು ಹೆಸರಿಗೆ ಹಚ್ಚಿ ‘ಯೋನ್‌ಸಾಮಾ’ ಎಂದು ಕರೆದರು. ದೊಡ್ಡ ದೊಡ್ಡ ರಾಜಕಾರಣಿಗಳ ಕೈಯಲ್ಲಿ ಆಗದಿದ್ದುದು ಒಂದು ಶಾಲಿನ ಗಂಟಿನಿಂದ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೂ ಎಷ್ಟೋ ಜನ ಆ ಮೇಲೆ ಕೊರಿಯನ್ ಭಾಷೆ ಕಲಿಯತೊಡಗಿದರೆಂಬುದು ಸುಳ್ಳಲ್ಲ.

ಇನ್ನು ಕೊರತೆಗಳು. ನಮ್ಮ ಮನಸ್ಸು ಕೊರತೆ ಹುಡುಕುವುದರಲ್ಲಿಯೇ ಪಳಗಿದ್ದು. ಮೊದಲ ವಾರವೆಲ್ಲ ನಾವು ಅಕ್ಷರ ಓದುತ್ತಲೇ ಗೊಣಗುತ್ತಿದ್ದೆವು. ಒಂದೇ ಮನುಷ್ಯನಿಗೆ ಎರಡು ಸಲ ವಾಹನ ಬಡಿಯುತ್ತದೆ. ಮೊದಲನೆಯದು ನೆನಪನ್ನು ಒಯ್ಯುತ್ತದೆ, ಎರಡನೆಯದು ಅದನ್ನು ಮರಳಿಸುತ್ತದೆ. ಕಥೆಗೆ ಬೇಕಾದಾಗ ತಲೆಯೊಳಗಿನ ಗಾಯ ಮತ್ತೆ ಕಾಣಿಸಿಕೊಂಡು ಕಣ್ಣುಗಳನ್ನೂ ಕೇಳುತ್ತದೆ. ಮನೋವೈದ್ಯನು ಹಳೆಯ ಬಾಲ್ಯವನ್ನು ಒರಸಿ ಹೊಸದನ್ನು ಬರೆಯಬಲ್ಲನೆಂಬುದು ವೈದ್ಯಶಾಸ್ತ್ರವಲ್ಲ, ಯಕ್ಷಿಣಿವಿದ್ಯೆ. ಪಾತ್ರಗಳಿಗೆ ಉದ್ಯೋಗಗಳೇನೋ ಇವೆ: ಒಬ್ಬನು ವಾಸ್ತುಶಿಲ್ಪಿ, ಒಬ್ಬನು ಆಕಾಶವಾಣಿಯ ಕಾರ್ಯಕ್ರಮ ನಿರ್ಮಾಪಕ, ಇನ್ನೊಬ್ಬಳು ಉಡುಪುಗಳ ವಿನ್ಯಾಸ ಮಾಡುವವಳು. ಆದರೆ ಕೆಲಸ ಮಾಡುವುದು ಕಾಣಿಸುವುದಕ್ಕಿಂತ ಕೆಲಸ ಬಿಟ್ಟು ಅಳುವುದೇ ಹೆಚ್ಚಾಗಿ ಕಾಣಿಸುತ್ತದೆ. ಕಾಯಕವನ್ನು ನಂಬಿದ ಪರಂಪರೆಯಿಂದ ಬಂದ ಅಕ್ಕ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: ‘ಅಲ್ಲೋ ತಮ್ಮಾ, ಇವರಿಗೆ ಪಗಾರ ಯಾರು ಕೊಡ್ತಾರ?’

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಯೂಜಿನ್ ತನ್ನ ಮನಸ್ಸು ಬೇರೆಡೆ ಇದೆಯೆಂದು ತಿಳಿಸಿದ ಮೇಲೆ ಸಾಂಗ್‌ಹ್ಯೋಕ್ ಮೊದಲು ಬಲಾತ್ಕಾರಕ್ಕೆ ಮುಂದಾಗುತ್ತಾನೆ, ಅನಂತರ ಅನ್ನ ಬಿಟ್ಟು ಆಸ್ಪತ್ರೆ ಸೇರುತ್ತಾನೆ. ಅವನನ್ನು ಉಳಿಸೆಂದು ಎಲ್ಲರೂ ಅವಳನ್ನೇ ಬೇಡುತ್ತಾರೆ. ಕೊನೆಗೆ ಮಿನ್‌ಹ್ಯೋಂಗನೇ ಅವಳನ್ನು ಆಸ್ಪತ್ರೆಯ ಬಾಗಿಲಿಗೆ ಕರೆತಂದು ಬಿಡುತ್ತಾನೆ. ಇಬ್ಬರು ಗಂಡಸರ ಉದಾತ್ತತೆಯ ನಡುವೆ ಆ ಹುಡುಗಿ ಕೈ ಬದಲಾಗುವ ವಸ್ತುವಾಗುತ್ತಾಳೆ. ಕಥೆ ಇದನ್ನು ತ್ಯಾಗವೆಂದು ತೋರಿಸಿ ಹಿನ್ನೆಲೆಯಲ್ಲಿ ಪಿಯಾನೋ ನುಡಿಸುತ್ತದೆ. ಸಂಗೀತ ಮಧುರವಾಗಿದೆಯೆಂಬುದನ್ನು ಒಪ್ಪುತ್ತೇವೆ. ಹಠವನ್ನು ಪ್ರೇಮವೆಂದು ಕರೆಯುವುದನ್ನು ಒಪ್ಪೆವು. ಆ ರಾತ್ರಿಯ ಬಲಾತ್ಕಾರದ ದೃಶ್ಯವನ್ನು ನಾವು ಅಕ್ಕನಿಗೆ ‘ಏನೋ ಜಗಳ’ ಎಂದಷ್ಟೇ ಹೇಳಿ ದಾಟಿಸಿದೆವು. ಅವರು ನಮ್ಮ ಮುಖವನ್ನೊಮ್ಮೆ ನೋಡಿ ಸುಮ್ಮನಾದರು.

ಆಕಸ್ಮಿಕಗಳ ವಿಷಯದಲ್ಲಿ ಮಾತ್ರ ನಮ್ಮ ಗೊಣಗಾಟ ಮುಂದೆ ಸ್ವಲ್ಪ ತಗ್ಗಿತು. ಇದೇ ಕೆಬಿಎಸ್ ಸಂಸ್ಥೆ ೧೯೮೩ರ ಜೂನ್ ೩೦ರಂದು, ೧೯೫೦ರಿಂದ ೫೩ರವರೆಗಿನ ಯುದ್ಧದಲ್ಲಿ ಚದುರಿಹೋದ ಕುಟುಂಬಗಳನ್ನು ಹುಡುಕಿಕೊಡುವ ಒಂದು ನೇರಪ್ರಸಾರವನ್ನು ಆರಂಭಿಸಿತ್ತು. ಜನರು ಹೆಸರು, ಊರು, ಗಾಯದ ಗುರುತುಗಳನ್ನು ಫಲಕಗಳ ಮೇಲೆ ಬರೆದು ಎದೆಗೆ ಹಿಡಿದು ನಿಂತರು. ಕಟ್ಟಡದ ಗೋಡೆಗಳೆಲ್ಲ ಅಂಥ ಕಾಗದಗಳಿಂದ ತುಂಬಿದವು. ಕಾರ್ಯಕ್ರಮ ೧೩೮ ದಿನಗಳ ಕಾಲ, ಒಟ್ಟು ೪೫೩ ಗಂಟೆ ನಡೆದು, ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕೂಡಿಕೊಂಡವು. ಮೂವತ್ತು ವರ್ಷ ಸತ್ತಿರುವನೆಂದು ತಿಳಿದ ತಮ್ಮ ಬೇರೆ ಹೆಸರಿನಿಂದ ಬೇರೆ ಊರಿನಲ್ಲಿ ಬದುಕಿರುವುದು ಆ ನಾಡಿನವರಿಗೆ ಕವಿಕಲ್ಪನೆಯಾಗಿರಲಿಲ್ಲ. ಈ ದಾಖಲೆಗಳನ್ನು ಯುನೆಸ್ಕೋ ೨೦೧೫ರಲ್ಲಿ ಜಗತ್ತಿನ ಸ್ಮೃತಿಗಳ ಪಟ್ಟಿಗೆ ಸೇರಿಸಿದೆ. ಇದನ್ನು ಅರಿತ ಮೇಲೆ, ಹಿಮದ ಬೀದಿಯಲ್ಲಿ ಸತ್ತವನ ಮುಖ ಕಂಡು ಓಡುವ ಯೂಜಿನ್‌ಳನ್ನು ನೋಡಿ ನಗಲು ನಮಗಾಗಲಿಲ್ಲ.

ನಮ್ಮ ಆಕ್ಷೇಪವೀಗ ಬೇರೆ ಕಡೆಗೆ ತಿರುಗಿತು. ಅದಕ್ಕೆ ಕಾಳಿದಾಸನ ನೆನಪು ಕಾರಣ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತನು ಶಕುಂತಲೆಯನ್ನು ಗುರುತಿಸಿಯೂ ಲೋಕಕ್ಕೆ ಅಂಜಿ ಅಲ್ಲಗಳೆಯುತ್ತಾನೆ. ಕಾಳಿದಾಸನು ಅಲ್ಲಿಗೆ ದುರ್ವಾಸನ ಶಾಪವನ್ನು ತಂದನು. ಶಾಪದಿಂದ ಮರೆವು, ಉಂಗುರದಿಂದ ನೆನಪು. ಮರೆವು ಬಂದೊಡನೆ ದೊರೆಯ ತಪ್ಪು ತಪ್ಪಿತು. ಅಲ್ಲಗಳೆದವನು ಅವನಲ್ಲ, ಶಾಪ ಎಂದಾಯಿತು. ನಾಟಕ ಅಮರವಾಯಿತು, ನಿಜ. ಆದರೆ ಹಳೆಯ ಕಥೆಯಲ್ಲಿ ಸಭೆಯ ನಡುವೆ ನಿಂತ ಹೆಂಗಸಿನ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಒಬ್ಬನಿದ್ದನು. ಹೊಸ ಕಥೆಯಲ್ಲಿ ಅವನು ಜಾರಿಕೊಂಡನು. ಈ ಕೊರಿಯನ್ ಕಥೆಯ ಅಪಘಾತಗಳೂ ದುರ್ವಾಸರೇ. ಕಥೆಯ ಎಲ್ಲ ದುಃಖಕ್ಕೂ ನಿಜವಾದ ಕಾರಣ ವಾಹನವಲ್ಲ, ಗಾಯವಲ್ಲ. ಹಿರಿಯರು ಒಂದು ಮಾತನ್ನು ಮುಚ್ಚಿಟ್ಟದ್ದು. ನಿನ್ನ ತಂದೆ ಇಂಥವನು ಎಂದು ತಾಯಿ ಮೊದಲೇ ಹೇಳಿದ್ದರೆ ಆ ಹುಡುಗ ಊರು ಬಿಟ್ಟು ಬರುತ್ತಿರಲಿಲ್ಲ. ಯೂಜಿನ್ ತನ್ನ ತಂಗಿಯಿರಬಹುದೆಂದು ಹೆದರಿ ಆ ರಾತ್ರಿ ಓಡುತ್ತಿರಲೂ ಇಲ್ಲ. ಕೊನೆಗೆ ತಿಳಿದುಬರುವಂತೆ ಅವಳು ತಂಗಿಯಲ್ಲ. ಸಾಂಗ್‌ಹ್ಯೋಕನೇ ಅವನಿಗೆ ತಂದೆಯ ಕಡೆಯ ತಮ್ಮ.

ಆ ತಾಯಿಯ ಪರವಾಗಿಯೂ ಹೇಳುವುದಿದೆ. ಆ ಕಥೆ ಬಂದ ಕಾಲದಲ್ಲಿ ಕೊರಿಯಾದ ಕಾನೂನಿನಂತೆ ಪ್ರತಿ ಕುಟುಂಬಕ್ಕೂ ಸಾಮಾನ್ಯವಾಗಿ ಒಬ್ಬ ಗಂಡಸು ಯಜಮಾನ. ಮಗುವಿನ ಹೆಸರು ತಂದೆಯ ಕುಟುಂಬದ ದಾಖಲೆಯಲ್ಲಿ ಸೇರುವುದು ನಿಯಮ. ತಂದೆಯ ಹೆಸರಿಲ್ಲದ ಮಗು ಶಾಲೆಯಲ್ಲಿ, ಉದ್ಯೋಗದಲ್ಲಿ, ಮದುವೆಯಲ್ಲಿ ತಲೆ ತಗ್ಗಿಸಬೇಕಾಗಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ ೨೦೦೫ರಲ್ಲಿ ಈ ಪದ್ಧತಿಯನ್ನು ಅಸಿಂಧುವೆಂದು ಸಾರಿತು. ೨೦೦೮ರಿಂದ ಅದು ರದ್ದಾಯಿತು. ನಮ್ಮಲ್ಲಿ ಒಂದೇ ಬೆಡಗಿನವರು ಸಂಬಂಧ ಬೆಳೆಸಬಾರದೆಂಬಂತೆ ಅಲ್ಲಿಯೂ ಒಂದೇ ಕುಲನಾಮದ, ಒಂದೇ ಮೂಲಸ್ಥಳದವರ ಮದುವೆಗೆ ಕಾನೂನಿನ ತಡೆಯಿದ್ದು, ೧೯೯೭ರಲ್ಲಿ ಅದೇ ನ್ಯಾಯಾಲಯ ಅದನ್ನೂ ಸಡಿಲಿಸಿತ್ತು. ಇಂಥ ಸಮಾಜದಲ್ಲಿ ಮದುವೆಯಿಲ್ಲದೆ ಹಡೆದ ಹೆಂಗಸು ತನ್ನ ಮಗನಿಗೆ ಒಬ್ಬ ತಂದೆಯನ್ನು ಹೇಗಾದರೂ ಒದಗಿಸಬೇಕೆಂದು ಹಂಬಲಿಸಿದ್ದರಲ್ಲಿ ಕೇಡಿಲ್ಲ. ಅವನ ಒಳಿತಿಗೆಂದೇ ಅವನನ್ನು ಕೇಳದೆ ಅವನ ಬದುಕನ್ನು ಬರೆದಳು.

ಕಥೆಯ ಮಧ್ಯಭಾಗ ದಾಟಿದ ಮೇಲೆ ಅವಳು ಅದನ್ನು ಮಗನೆದುರು ಒಪ್ಪಿಕೊಳ್ಳುತ್ತಾಳೆ. ಆ ಸಂಜೆ ನಾವು ಒಂದು ಅಪಚಾರ ಮಾಡಿದೆವು. ಕೆಳಗೆ ಅಕ್ಷರಗಳು ಓಡುತ್ತಲೇ ಇದ್ದವು: ನಿನ್ನ ಸುಖಕ್ಕಾಗಿ ಮಾಡಿದೆ, ನಿನಗೆ ನೋವಾಗದಿರಲೆಂದು ಮಾಡಿದೆ ಎಂಬ ಅರ್ಥದವು. ಓದುತ್ತಿದ್ದ ನಮ್ಮ ಬಾಯಿ ಕಟ್ಟಿತು. ‘ತಾಯಿ ತಪ್ಪಾಯಿತು ಅನ್ನುತ್ತಾಳೆ’ ಎಂದಷ್ಟೇ ಹೇಳಿ ಸುಮ್ಮನಾದೆವು. ಅಕ್ಕ ತಕ್ಷಣ ಹಿಡಿದರು.

‘ತಮ್ಮಾ, ಅಕಿ ಅಷ್ಟೊತ್ತು ಮಾತಾಡಿದ್ಲು, ನೀ ಇಷ್ಟಽ ಹೇಳಿದಿ. ನಡುವಿಂದು ಎಲ್ಲಿ ಹೋತು?’

ಇನ್ನು ಮುಂದಿನದನ್ನು ಅಕ್ಕನ ಅಪ್ಪಣೆ ಕೇಳಿ ಬರೆಯುತ್ತಿದ್ದೇವೆ. ಅಪ್ಪಣೆ ಕೇಳಿಯೇ ಎಂಬ ಮಾತನ್ನು ಓದುಗರು ಗಮನದಲ್ಲಿಡಬೇಕು.

ಅಕ್ಕನ ಮದುವೆ ಅವರ ಹತ್ತೊಂಬತ್ತನೆಯ ವಯಸ್ಸಿನಲ್ಲಾಯಿತು. ಇಪ್ಪತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ಮಕ್ಕಳಿಲ್ಲದೆ ತವರಿಗೆ ಬಂದರು. ಅದಾಗಿ ನಾಲ್ಕು ವರ್ಷಕ್ಕೆ, ೧೯೮೦ರಲ್ಲಿ, ನೆರೆಯ ತಾಲೂಕಿನ ಶಾಲಾ ಶಿಕ್ಷಕರೊಬ್ಬರ ಕಡೆಯಿಂದ ನಮ್ಮ ತಂದೆಯವರಿಗೆ ಒಂದು ಪತ್ರ ಬಂದಿತು. ಅವರೂ ಹೆಂಡತಿಯನ್ನು ಕಳೆದುಕೊಂಡವರು, ಒಂದು ಹೆಣ್ಣುಮಗುವಿತ್ತು. ಅಕ್ಕನನ್ನು ಮದುವೆಯಾಗಲು ಸಿದ್ಧರೆಂದು ಬಹಳ ವಿನಯದಿಂದ ಬರೆಸಿದ್ದರು. ನಮ್ಮ ಸಮಾಜದಲ್ಲಿ ಉಡಿಕೆಯೆಂಬ ಮರುಮದುವೆಯ ಪದ್ಧತಿ ಹಿಂದಿನಿಂದಲೂ ಇದ್ದದ್ದೇ. ಆದರೆ ನಾಲ್ಕು ಜನರಲ್ಲಿ ದೊಡ್ಡವರೆನಿಸಿಕೊಂಡ ಮನೆತನಗಳಲ್ಲಿ ಅದು ಕೀಳೆಂಬ ಭಾವನೆ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ನಮ್ಮದೂ ಅಂಥದೊಂದು ಮನೆ. ನಾವು ಆಗ ಇಪ್ಪತ್ತೆರಡರ ಪ್ರಾಯದವರು, ಮಠದಲ್ಲಿ ಓದು ಮುಗಿಸಿ ಆಗತಾನೇ ಊರಿಗೆ ಬಂದಿದ್ದೆವು. ಬರವಣಿಗೆ ಅಂದವಾಗಿದೆ, ಭಾಷೆ ಬಲ್ಲವನು ಎಂದು ತಂದೆಯವರು ಉತ್ತರವನ್ನು ನಮ್ಮಿಂದ ಬರೆಸಿದರು. ‘ನಮ್ಮ ಮಗಳು ಉಳಿದ ಆಯುಷ್ಯವನ್ನು ಶಿವಪೂಜೆಯಲ್ಲಿಯೇ ಕಳೆಯಲು ಸ್ವಇಚ್ಛೆಯಿಂದ ನಿಶ್ಚಯಿಸಿದ್ದಾಳೆ.’ ತಂದೆಯವರು ಬೇಡವೆಂದು ತಿಳಿಸು ಎಂದಷ್ಟೇ ಹೇಳಿದ್ದರು. ಸ್ವಇಚ್ಛೆಯಿಂದ ಎಂಬ ಪದ ನಮ್ಮದು. ವಾಕ್ಯಕ್ಕೆ ತೂಕ ಬರುವುದೆಂದು ಹಾಕಿದೆವು.

ಆಗ ಅಕ್ಕ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಎದ್ದು ಹೋಗಿ ಕೇಳಲು ಹತ್ತು ಹೆಜ್ಜೆ ಸಾಕಿತ್ತು.

ಆ ಪತ್ರ ಬರೆದ ಕೈಯಿಂದಲೇ ಮುಂದೆ ನಲವತ್ತು ವರ್ಷ ಶರಣರ ಸ್ತ್ರೀಸಮಾನತೆಯನ್ನು ಕುರಿತು ಲೇಖನಗಳನ್ನು ಬರೆದಿದ್ದೇವೆ. ಎಷ್ಟೋ ವೇದಿಕೆಗಳಲ್ಲಿ, ಅನುಭವ ಮಂಟಪದಲ್ಲಿ ಹೆಣ್ಣಿಗೆ ತನ್ನ ಮಾತನ್ನು ತಾನೇ ಆಡುವ ಹಕ್ಕಿತ್ತೆಂದು ಎತ್ತಿದ ದನಿಯಲ್ಲಿ ಹೇಳಿ ಶಾಲು ಹೊದಿಸಿಕೊಂಡು ಮನೆಗೆ ಬಂದಿದ್ದೇವೆ. ಆ ಶಾಲುಗಳನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟವರು ಅಕ್ಕ. ಪತ್ರದ ನೆನಪು ಬಂದಾಗಲೆಲ್ಲ ಕಾಲ ಹಾಗಿತ್ತು, ತಂದೆಯ ಮಾತು ಮೀರಲಾಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೇವೆ. ದುರ್ವಾಸನನ್ನು ಕರೆತಂದದ್ದಕ್ಕೆ ಕಾಳಿದಾಸನ ಮೇಲೆ ಆಕ್ಷೇಪ ಹೊರಿಸುವ ನಮಗೂ ಒಬ್ಬ ದುರ್ವಾಸನಿದ್ದನು.

ಆ ಸಂಜೆ ದೃಶ್ಯವನ್ನು ಅಲ್ಲಿಯೇ ನಿಲ್ಲಿಸಿ, ಬಿಟ್ಟ ಮಾತುಗಳನ್ನೆಲ್ಲ ಮತ್ತೆ ಓದಿ ಹೇಳಿದೆವು. ಅದರ ಬೆನ್ನಿಗೇ, ಯಾಕೋ ತಡೆಯಲಾಗದೆ, ೧೯೮೦ರ ಸಂಗತಿಯನ್ನೂ ಹೇಳಿದೆವು. ಅಕ್ಕ ಬಹಳ ಹೊತ್ತು ಏನೂ ಅನ್ನಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ಪರದೆಯ ಮೇಲೆ ಆ ತಾಯಿಯ ಮುಖ ಹಾಗೆಯೇ ನಿಂತಿತ್ತು.

‘ಕಾಗದದಾಗ ಏನಂತ ಬರದಿದ್ದಿ? ಹೆಂಗ ಬರದಿದ್ದಿ ಹಂಗಽ ಹೇಳು’ ಎಂದರು.

ಹೇಳಿದೆವು. ನಲವತ್ತು ವರ್ಷ ದಾಟಿದರೂ ಒಂದಕ್ಷರ ಮರೆತಿರಲಿಲ್ಲ.

‘ನಾ ಅಂತೂ ಹಂಗ ಅಂದಿರಲಿಲ್ಲ’ ಎಂದರು ಅಕ್ಕ. ಸಿಟ್ಟಿರಲಿಲ್ಲ, ಲೆಕ್ಕದ ತಪ್ಪನ್ನು ತೋರಿಸಿಕೊಡುವವರ ಧ್ವನಿ. ಸ್ವಲ್ಪ ತಡೆದು ಮತ್ತೆ ಹೇಳಿದರು: ‘ಕೇಳಿದ್ರ ನಾನೂ ಬ್ಯಾಡ ಅಂತಿದ್ದೆನೋ ಏನೋ. ಈಗ ಅದನ್ನ ಹೆಂಗ ತಿಳಿಯೂದು?’

ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ‘ಆ ಮಾಸ್ತರರ ಕೂಸು ಏನಾತು?’ ಎಂದು ಕೇಳಿದರು. ಅದೂ ನಮಗೆ ಗೊತ್ತಿರಲಿಲ್ಲ. ವಿಚಾರಿಸಬೇಕೆಂದು ನಮಗೆ ಒಮ್ಮೆಯೂ ತೋಚಿರಲಿಲ್ಲ.

ಮರುದಿನ ಸಂಜೆ ನಾವು ಆ ಕೋಣೆಗೆ ಹೋಗಲು ಅಂಜಿದೆವು. ಅವರೇ ಕರೆದರು. ಕಂತು ಹಚ್ಚಿದೆವು. ಅಂದಿನಿಂದ ಒಂದು ಮಾತನ್ನೂ ಬಿಡದೆ ಓದಿದೆವು, ಬಿಡಬಾರದೆಂದು ಅವರ ಕಟ್ಟಪ್ಪಣೆ. ಅದರಿಂದ ಕಥೆಯ ಗುಣವೂ ದೋಷವೂ ನಮಗೆ ಹೆಚ್ಚು ಸ್ಪಷ್ಟವಾದವು. ಹದಿನೈದನೆಯ ಕಂತಿನಿಂದಾಚೆಗೆ ಬರವಣಿಗೆ ಸಡಿಲವಾಗುತ್ತದೆ. ಹಿಂದಿನ ದೃಶ್ಯಗಳನ್ನೇ ತಿರುತಿರುಗಿ ತೋರಿಸಿ ಹೊತ್ತು ತುಂಬಿಸುತ್ತಾರೆ. ಅಳುವಿಗೆ ಮಿತಿಯಿಲ್ಲ. ಅಣ್ಣ-ತಂಗಿಯರೆಂಬ ಸಂಶಯವನ್ನು ಎಬ್ಬಿಸಿ, ಅದರ ಭಾರವನ್ನು ಪೂರ್ತಿ ಹೊರುವ ಮೊದಲೇ ಅಲ್ಲವೆಂದು ತಿಳಿಸಿ ಇಳಿಸಿಬಿಡುತ್ತಾರೆ. ಎಲ್ಲಕ್ಕಿಂತ, ತಾಯಿಯ ಆ ಒಪ್ಪಿಗೆಯ ಮಾತಿನ ಮುಂದೆ ಕಥೆ ನಿಂತು ಯೋಚಿಸುವುದಿಲ್ಲ. ಅಲ್ಲಿ ನಿಂತಿದ್ದರೆ ಇದು ದೊಡ್ಡ ಕೃತಿಯಾಗುತ್ತಿತ್ತು. ಅವಸರವಿಲ್ಲದ ಕಥೆ ಅಲ್ಲಿ ಮಾತ್ರ ಅವಸರಪಡುತ್ತದೆ. ಆದರೂ ಆ ಮಾತನ್ನು ಹಿರಿಯರ ಬಾಯಿಂದ ಹೇಳಿಸುವ ಧೈರ್ಯ ಮಾಡಿದೆಯಲ್ಲ. ನಮ್ಮ ಧಾರಾವಾಹಿಗಳಲ್ಲಿ ಖಳನಾಯಕಿಯಾದ ಅತ್ತೆ ಕೊನೆಗೆ ಕಣ್ಣೀರು ಹಾಕುತ್ತಾಳೆ. ಇಲ್ಲಿ ಹಾಕುವವಳು ಪ್ರೀತಿಯ ತಾಯಿ, ಪ್ರೀತಿಯಿಂದಲೇ ತಪ್ಪಿದವಳು.

ಪಾತ್ರಗಳಲ್ಲಿ ಅಕ್ಕನಿಗೆ ಹೆಚ್ಚು ಹಿಡಿಸಿದ್ದು ನಾಯಕ-ನಾಯಿಕೆಯರಲ್ಲ, ಯೂಜಿನ್‌ಳ ವಿಧವೆ ತಾಯಿ. ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಅವಳು ತೆರೆಯ ಮೇಲೆ ಬಂದಾಗಲೆಲ್ಲ ಅಕ್ಕ ದಿಂಬಿನಿಂದ ತಲೆಯೆತ್ತಿ ನೋಡುತ್ತಿದ್ದರು.

ಕೊನೆಯ ಕಂತನ್ನು ನೋಡುವ ಹೊತ್ತಿಗೆ ಅಕ್ಕ ಗೋಡೆ ಹಿಡಿದು ನಡೆಯತೊಡಗಿದ್ದರು. ಮೂರು ವರ್ಷಗಳ ಅಗಲಿಕೆಯ ಅನಂತರ, ಸಮುದ್ರದ ನಡುವಿನ ಒಂದು ದ್ವೀಪದಲ್ಲಿ, ಒಮ್ಮೆ ತಾನು ಕನಸಿನಲ್ಲಿ ಕಟ್ಟಿದ ಮನೆಯೇ ನಿಜವಾಗಿ ನಿಂತಿರುವುದನ್ನು ಯೂಜಿನ್ ಕಾಣುತ್ತಾಳೆ. ಕಟ್ಟಿಸಿದವನು ಒಳಗಿದ್ದಾನೆ. ಕಣ್ಣು ಕಾಣದು. ಬಂದದ್ದು ಯಾರೆಂದು ಕೇಳುತ್ತಾನೆ. ನಮ್ಮ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಅಕ್ಕ ಮಾತ್ರ ಆ ಮನೆಯನ್ನು ಮೂಲೆಯಿಂದ ಮೂಲೆಗೆ ನೋಡಿ, ‘ಎಲ್ಲಾ ಗಾಜಿನ ಕಿಡಕಿ. ಅಂವಗ ಕಣ್ಣಿಲ್ಲ. ಒರಸವರು ಯಾರು?’ ಎಂದರು.

ಮೊಮ್ಮಗಳು ದೀಪಾವಳಿಗೆ ಬಂದಾಗ ಅದೇ ನಿರ್ದೇಶಕರ ಶರತ್ಕಾಲದ ಕಥೆಯನ್ನು ಹುಡುಕಿಕೊಟ್ಟಿದ್ದಾಳೆ. ಅದರಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದೊಡನೆ ಅದಲುಬದಲಾದ ಎರಡು ಮಕ್ಕಳು, ಕೊನೆಗೆ ವಾಸಿಯಾಗದ ರಕ್ತದ ಕಾಯಿಲೆ. ಕಥೆ ಕೇಳಿದೊಡನೆಯೇ ನಮಗೆ ತಲೆನೋವು ಬಂದಿತು. ಅಕ್ಕ ಈಗ ಕುರ್ಚಿಯಲ್ಲಿ ಕುಳಿತು ನೋಡುತ್ತಾರೆ, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಮೊನ್ನೆ ಎರಡನೆಯ ಕಂತಿನ ನಡುವೆ ನಾವು ಉಸಿರಾಡಲು ಒಂದು ಕ್ಷಣ ನಿಲ್ಲಿಸಿದೆವು. ಸೂಜಿ ನಿಲ್ಲಿಸದೆಯೇ ‘ಓದು, ಓದು, ಬಿಡಬ್ಯಾಡ’ ಎಂದರು.